ಮನುಷ್ಯರಿಲ್ಲದ ಯುದ್ಧಚಿತ್ರಗಳು

ಮಾನ್ಯ ಸಂಪಾದಕರೇ,

ಯುದ್ಧಚಿತ್ರಗಳ ಕುರಿತ ನಿಮ್ಮ ಲೇಖನದಲ್ಲಿ ಬ್ರಿಟನ್ನಿನ ಚಿತ್ರಕಾರ ಪಾಲ್ ನ್ಯಾಶ್ ಅವರಿಗೆ ಸಿಕ್ಕಿದ್ದು ಎರಡೇ ಸಾಲು. ಅವರ ಚಿತ್ರಗಳಲ್ಲಿ ಜನರೇ ಇಲ್ಲದ್ದರಿಂದ ನೋವು ತಟ್ಟುವುದಿಲ್ಲ ಎಂದು ಲೇಖಕರು ಬರೆದಿದ್ದಾರೆ. ಮಕ್ಕಳಿಗೆ ಮರ ಬಿಡಿಸುವುದನ್ನು ಹೇಳಿಕೊಡುವ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ.

ಮೊದಲ ಮಹಾಯುದ್ಧಕ್ಕೂ ಮುಂಚೆ ನ್ಯಾಶ್ ಅವರಿಗೆ ಮರಗಳೆಂದರೆ ಪ್ರಾಣ. ಮರಗಳನ್ನು ಮನುಷ್ಯರ ಹಾಗೆ ಚಿತ್ರಿಸಲು ಯತ್ನಿಸಿದ್ದೇನೆ ಎಂದು 1912ರಲ್ಲೇ ಗೆಳೆಯರೊಬ್ಬರಿಗೆ ಬರೆದಿದ್ದರು. ಅಂಥವರು 1917ರಲ್ಲಿ ಬೆಲ್ಜಿಯಂನ ಈಪ್ರ್ ಬಳಿಯ ರಣರಂಗಕ್ಕೆ ಸೈನಿಕರಾಗಿ ಹೋದರು. ಕಂದಕಕ್ಕೆ ಬಿದ್ದು ಪಕ್ಕೆಲುಬು ಮುರಿದು ವಾಪಸ್ ಬಂದರು. ಕೆಲವೇ ದಿನಗಳಲ್ಲಿ ಅವರ ಜೊತೆಗಾರರಲ್ಲಿ ಅನೇಕರು ದಾಳಿಯೊಂದರಲ್ಲಿ ಸತ್ತರು. ಅದೇ ವರ್ಷದ ಕೊನೆಗೆ ಅವರು ಮತ್ತೆ ಅಲ್ಲಿಗೆ ಹೋದರು, ಈ ಸಲ ಸರ್ಕಾರದ ಯುದ್ಧ ಚಿತ್ರಕಾರರಾಗಿ.

ಅಲ್ಲಿನದು ತಗ್ಗಾದ ಜೇಡಿಮಣ್ಣಿನ ನೆಲ. ನೀರು ಹರಿದುಹೋಗುವ ಕಾಲುವೆಗಳನ್ನು ಫಿರಂಗಿ ಗುಂಡುಗಳು ಒಡೆದುಹಾಕಿದ್ದವು. ಮೇಲೆ ಬಿಡದೆ ಸುರಿದ ಮಳೆ. ಗುಂಡು ಬಿದ್ದ ಗುಂಡಿಗಳೆಲ್ಲ ಹೊಂಡಗಳಾದವು. ಗಾಯಗೊಂಡ ಸೈನಿಕರು ಆ ಕೆಸರಲ್ಲೇ ಮುಳುಗಿ ಸತ್ತರು. ನ್ಯಾಶ್ ಚಿತ್ರಿಸಿದ್ದು ಈ ನೆಲವನ್ನು. ಹಾಗಿದ್ದ ಮೇಲೆ ಚಿತ್ರದಲ್ಲಿ ಜನ ಇಲ್ಲ ಅಂತ ಹೇಗೆ ಹೇಳುವುದು? ಅವರು ಆ ಮಣ್ಣಿನ ಕೆಳಗೇ ಇದ್ದಾರಲ್ವಾ?

1918ರ 'ನಾವು ಹೊಸ ಜಗತ್ತು ಕಟ್ಟುತ್ತಿದ್ದೇವೆ' ಚಿತ್ರವನ್ನೇ ನೋಡಿ. ರೆಂಬೆಗಳಿಲ್ಲದ ಮೋಟು ಮರಗಳು, ಉಬ್ಬುತಗ್ಗಾದ ಹಸಿರು ಮಣ್ಣು, ಹಿಂದೆ ಕೆಂಗಂದು ಮೋಡಗಳ ಸಾಲು. ಅದರ ಮೇಲಿಂದ ಬೆಳ್ಳಗಿನ ಸೂರ್ಯ ಹುಟ್ಟುತ್ತಿದ್ದಾನೆ. ನನ್ನನ್ನು ಜಾಸ್ತಿ ಕಲಕುವುದು ಈ ಸೂರ್ಯನೇ. ಚಿಗುರುವುದಕ್ಕೆ ಒಂದು ಎಲೆಯೂ ಉಳಿಯದ ಕಡೆ ಬೆಳಕು ಬಿದ್ದು ಏನು ಮಾಡಬೇಕು?

1919ರಲ್ಲಿ ಮುಗಿದ 'ಮೆನಿನ್ ರೋಡ್' ಚಿತ್ರದ ನಡುವೆ ಇಬ್ಬರು ಸೈನಿಕರಿದ್ದಾರೆ. ಮೂರು ಮೀಟರಿಗಿಂತ ಅಗಲದ ಚಿತ್ರದಲ್ಲಿ ಅವರು ಅಷ್ಟೇ ಅಷ್ಟು ಚಿಕ್ಕವರು. ಹೆಸರಿಗೆ ರಸ್ತೆ, ಆದರೆ ನಡೆಯಲು ದಾರಿಯೇ ಇಲ್ಲ. ಇದನ್ನು ನೀವು ಬೆರಳುದ್ದಕ್ಕೆ ಮುದ್ರಿಸಿದ್ದರಿಂದ ಆ ಇಬ್ಬರೂ ಓದುಗರಿಗೆ ಕಂಡಿಲ್ಲ.

ಈ ಎರಡೂ ಚಿತ್ರಗಳು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿವೆ. ಅಲ್ಲಿಗೆ ಹೋಗಿ ನೋಡುವುದು ಎಲ್ಲರಿಗೂ ಆಗುವುದಿಲ್ಲ. ದಯವಿಟ್ಟು ಮುಂದಿನ ಭಾನುವಾರದ ಪುರವಣಿಯಲ್ಲಿ 'ಮೆನಿನ್ ರೋಡ್' ಅನ್ನು ಎರಡು ಪುಟಗಳ ಅಗಲಕ್ಕೆ, ಅಂಚು ಕತ್ತರಿಸದೆ, ಬಣ್ಣದಲ್ಲಿ ಮುದ್ರಿಸಿ.

— ಒಬ್ಬ ಚಿತ್ರಕಲಾ ಶಿಕ್ಷಕಿ