ಮೂರು ಅಮೋನೈಟ್ ಪಳೆಯುಳಿಕೆ, ಮೂರರಲ್ಲೂ ದೋಷ: ಹಣ ವಾಪಸು ಕೋರಿ ದೂರು

ಮಾನ್ಯರೇ,

ನಿಮ್ಮಲ್ಲಿ ಖರೀದಿಸಿದ ಮೂರು ಅಮೋನೈಟ್‌ಗಳು (ಸುರುಳಿ ಚಿಪ್ಪಿನ ಪುರಾತನ ಕಡಲಜೀವಿಯ ಪಳೆಯುಳಿಕೆಗಳು) ಕಕ್ಕಡ ತಿಂಗಳ ಜಡಿಮಳೆಯಲ್ಲಿ ಮಡಿಕೇರಿಗೆ ಬಂದು ತಲುಪಿವೆ. ಬಿಲ್ಲಿನಲ್ಲಿ ಮೂರಕ್ಕೂ 'ಸಿಲೊಸೆರಾಸ್ ಪ್ಲಾನಾರ್ಬಿಸ್, ವಾಚೆಟ್ ಕರಾವಳಿ, ಸಾಮರ್‌ಸೆಟ್, ಇಂಗ್ಲೆಂಡ್' ಎಂದು ಒಂದೇ ಜಾತಿ, ಒಂದೇ ಊರು ಬರೆದಿದೆ. ಆ ಮಾತಿಗೆ ಸಲ್ಲುವುದು ಒಂದೇ, ಅದೂ ಕೆಟ್ಟುಹೋಗಿದೆ.

ಸುಮಾರು 20 ಕೋಟಿ ವರ್ಷದ ಹಿಂದಿನ ಜೇಡಿಪದರಗಲ್ಲಿನಲ್ಲಿ ಅಪ್ಪಚ್ಚಿಯಾದ ಚಿಪ್ಪು ಅದು. ಉಳಿದಿರುವುದು ಬರೀ ತೆಳು ಪೊರೆ. ಅಂಥದ್ದರ ಮೇಲೆ ನೇರವಾಗಿ ಹತ್ತಿ ಒತ್ತಿದ್ದೀರಿ. ಹತ್ತಿ ಎತ್ತಿದರೆ ಹೊರಸುತ್ತಿನ ಹೊಳಪು ಚೂರುಚೂರಾಗಿ ಎಳೆಗೆ ಅಂಟಿಕೊಂಡೇ ಬಂತು. ಅಂಚಿನಲ್ಲಿ ಬಿಳಿ ಪುಡಿ ಬೇರೆ, ನಾಲಿಗೆಗೆ ಉಪ್ಪು. ಕಡಲಿನ ಉಪ್ಪನ್ನು ತೆಗೆಯದೆ ಕಳಿಸಿದ್ದೀರಿ. ಥಂಡಿಗೆ ಅದು ನೀರು ಹೀರಿ ಕರಗುತ್ತದೆ, ಒಣಗಿದಾಗ ಮತ್ತೆ ಹರಳುಗಟ್ಟಿ ಪೊರೆಯನ್ನು ಅಡಿಯಿಂದ ಎಬ್ಬಿಸುತ್ತದೆ. ಕೊಡಗಿನ ಮಳೆಗಾಲಕ್ಕೆ ಇಂಥ ಕಲ್ಲು ಕಳಿಸುವವರು ಇಷ್ಟಾದರೂ ತಿಳಿದಿರಬೇಡವೇ?

ಎರಡನೆಯದಕ್ಕೆ ಬಣ್ಣ ಬಳಿದಿದೆ. ಅಸಲಿ ಹೊಳಪಿನಲ್ಲಿ ಬಣ್ಣದ ಪದಾರ್ಥ ಇರುವುದಿಲ್ಲ; ಸೋಪಿನ ಗುಳ್ಳೆಯಲ್ಲಿ ಕಾಣುವಂತೆ, ಚಿಪ್ಪಿನ ಖನಿಜವಾದ ಅರಗೊನೈಟಿನ ತೆಳು ಪದರಗಳಲ್ಲಿ ಬೆಳಕು ಆಡುವುದರಿಂದ ಬಣ್ಣ ಹುಟ್ಟುತ್ತದೆ. ಟಾರ್ಚಿನ ಕೆಳಗೆ ಓರೆ ಮಾಡಿದರೆ ಅದು ಬದಲಾಗಬೇಕು. ಇದು ಹೇಗೆ ತಿರುಗಿಸಿದರೂ ಅದೇ ಹಸಿರು. ಮೂಲೆಯಲ್ಲಿ ಅಸಿಟೋನ್ ಅದ್ದಿದ ಹತ್ತಿಕಡ್ಡಿ ಆಡಿಸಿದೆವು, ಹಸಿರು ಕಡ್ಡಿಗೆ ಇಳಿಯಿತು. ಪುಡಿಯಾಗದಿರಲೆಂದು ಹಚ್ಚುವ ಪ್ಯಾರಲಾಯ್ಡ್ ಬಿ-72 ಎಂಬ ರಾಳ ಕೂಡ ಅಸಿಟೋನಿಗೆ ಕರಗುತ್ತದೆ ಎಂದು ವಾದಿಸಬೇಡಿ, ಅದಕ್ಕೆ ಬಣ್ಣವಿಲ್ಲ.

ಮೂರನೆಯದು ಮಡಗಾಸ್ಕರಿನ ಕ್ಲಿಯೋನಿಸೆರಾಸ್ ಎಂಬ ಬೇರೆಯೇ ಅಮೋನೈಟ್. ಚೆಂದವಿದೆ, ಅಸಲಿಯೂ ಹೌದು. ಆದರೆ ಕೈತುಂಬ ದಪ್ಪವಿರುವ, ಪಾಲಿಶ್ ಮಾಡಿದ ಸುರುಳಿಗೂ ವಾಚೆಟ್ಟಿನ ಚಪ್ಪಟೆ ಪೊರೆಗೂ ವ್ಯತ್ಯಾಸ ಗೊತ್ತಾಗದವರು ಪಳೆಯುಳಿಕೆ ಮಾರಬಾರದು.

ಮೂರರ ಹಣವನ್ನೂ ಕೊರಿಯರ್ ಖರ್ಚನ್ನೂ 15 ದಿನದೊಳಗೆ ವಾಪಸು ಮಾಡಿ. ಮೊದಲನೆಯದಕ್ಕೆ ಬದಲಿ ಕೊಡುವುದಾದರೆ ಮಳೆ ನಿಂತ ಮೇಲೆ ಕಳಿಸಿ: ಉಪ್ಪು ತೆಗೆದು ನೆರಳಲ್ಲಿ ನಿಧಾನ ಒಣಗಿಸಿರಬೇಕು, ಪೊರೆಗೆ ತಾಗುವುದು ನುಣುಪಾದ ಪಾಲಿಥೀನ್ ಹಾಳೆಯಾಗಿರಬೇಕು, ಫೋಮ್ ಅದರ ಮೇಲೆ. ಸಿಲಿಕಾ ಜೆಲ್ ಪೊಟ್ಟಣ ಹಾಕಬೇಡಿ, ಒಮ್ಮೆಲೇ ಒಣಗಿದರೆ ಈ ಕಲ್ಲು ಪದರಪದರವಾಗಿ ಬಿಚ್ಚುತ್ತದೆ.

ಉತ್ತರ ಬಾರದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ ನಮ್ಮ ಜಿಲ್ಲೆಯಲ್ಲೇ ದೂರು ದಾಖಲಿಸುತ್ತೇವೆ. ಬಿಲ್ಲಿನ ಪ್ರತಿ, ಹತ್ತಿಗಂಟಿದ ಚೂರು ಮತ್ತು ಹಸಿರಾದ ಕಡ್ಡಿಯ ಫೋಟೋ ಲಗತ್ತಿಸಿದೆ.

ಇಂತಿ,
ನಿಮ್ಮ ಗ್ರಾಹಕರು,
ಮಡಿಕೇರಿ, ಕೊಡಗು