ಕ್ಲೌಡ್‌ನಿಂದ ಹೊರಬರುವ ಡೇಟಾಗೂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ಸಹಕಾರ ಸಂಘಗಳು, ಆಸ್ಪತ್ರೆಗಳು, ಕಾಲೇಜುಗಳು ತಮ್ಮ ಡೇಟಾಬೇಸನ್ನು ಕ್ಲೌಡ್‌ನಲ್ಲಿ (ಬೇರೆ ಕಂಪನಿಯ ಬಾಡಿಗೆ ಸರ್ವರ್‌ಗಳಲ್ಲಿ) ಇಟ್ಟು, ಅದರದೊಂದು ಪ್ರತಿಯನ್ನು ಕಚೇರಿಯ ಸ್ವಂತ ಸರ್ವರ್‌ನಲ್ಲಿಯೂ ಇಟ್ಟುಕೊಳ್ಳುವುದು ವಿವೇಕದ ಕೆಲಸವೇ. ಆದರೆ ಖರ್ಚಿನ ಅಂದಾಜು ಮಾಡುವಾಗ ಡೇಟಾಬೇಸ್‌ನ ಗಾತ್ರವನ್ನು ಡೇಟಾ ಹೊರತರುವ ದರದಿಂದ ಗುಣಿಸಿ ಸುಮ್ಮನಾಗುವ ರೂಢಿ ಬೆಳೆದಿದೆ. ಡೇಟಾಬೇಸ್ ನಿರ್ವಹಣೆಯೇ ವೃತ್ತಿಯಾದ ನಾನೂ ಒಮ್ಮೆ ಹಾಗೆಯೇ ಲೆಕ್ಕ ಹಾಕಿ, ಎರಡನೇ ತಿಂಗಳ ಬಿಲ್ ಬಂದಾಗ ಆಡಳಿತ ಮಂಡಳಿಗೆ ಏನು ಹೇಳುವುದೆಂದು ತೋಚದೆ ನಿಂತಿದ್ದೆ.

ಕ್ಲೌಡ್‌ಗೆ ಡೇಟಾ ಕಳುಹಿಸಲು ಸಾಮಾನ್ಯವಾಗಿ ಶುಲ್ಕವಿಲ್ಲ, ಹೊರತರಲು ಇದೆ. ಅಮೆಜಾನ್‌ನ ಕ್ಲೌಡ್ ಸೇವೆಯ ಮುಂಬೈ ಕೇಂದ್ರದಿಂದ ಇಂಟರ್ನೆಟ್ ಮೂಲಕ ತಿಂಗಳಿಗೆ 100 ಜಿಬಿ ಉಚಿತ, ನಂತರ ಜಿಬಿಗೆ ಸುಮಾರು 11 ಅಮೆರಿಕನ್ ಸೆಂಟ್, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ. ಪೂರ್ಣ ಪ್ರತಿ ಒಮ್ಮೆ ಬಂದ ಮೇಲೆ ದಿನವೂ ಬರುವುದು ಬದಲಾವಣೆಗಳ ಲಾಗ್ (ದಾಖಲೆ). ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದ ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಒಂದು ಸಾಲಿನ ಒಂದೇ ಕಾಲಂ ಬದಲಾದರೂ, ಆ ಸಾಲಿನ ಹಳೆಯ ಮತ್ತು ಹೊಸ ರೂಪಗಳೆರಡೂ ಪೂರ್ತಿಯಾಗಿ ಬಿನ್‌ಲಾಗ್ ಎನ್ನುವ ಈ ಲಾಗ್‌ಗೆ ಸೇರುತ್ತವೆ. ನಮ್ಮಲ್ಲಿ ಬಡ್ಡಿ ಲೆಕ್ಕದ ಪ್ರೋಗ್ರಾಂ ಪ್ರತಿ ರಾತ್ರಿ ಎಲ್ಲ ಖಾತೆಗಳ ದಿನಾಂಕದ ಕಾಲಮನ್ನು ತಿದ್ದುತ್ತಿತ್ತು. ತಲಾ 1 ಕೆಬಿಯ 1 ಕೋಟಿ ಸಾಲುಗಳಿರುವ ಟೇಬಲ್ ಎಂದಿಟ್ಟುಕೊಳ್ಳಿ: ಟೇಬಲ್‌ನ ಗಾತ್ರ 10 ಜಿಬಿ, ಆದರೆ ಲಾಗ್ ರಾತ್ರಿಗೆ 20 ಜಿಬಿ, ತಿಂಗಳಿಗೆ 600 ಜಿಬಿ!

ಬದಲಾದ ಕಾಲಂಗಳನ್ನಷ್ಟೇ ಬರೆಯುವಂತೆ ಸೆಟ್ಟಿಂಗ್ ತಿದ್ದಬಹುದು, ಆದರೆ ಟೇಬಲ್‌ಗೆ ಪ್ರೈಮರಿ ಕೀ (ಪ್ರತಿ ಸಾಲನ್ನೂ ಪ್ರತ್ಯೇಕವಾಗಿ ಗುರುತಿಸುವ ಕಾಲಂ) ಇರಬೇಕು. ಮೈಎಸ್‌ಕ್ಯೂಎಲ್‌ನ 8.0.20ನೇ ಆವೃತ್ತಿಯಿಂದ ಬಿನ್‌ಲಾಗನ್ನು ಕಂಪ್ರೆಸ್ ಮಾಡಿ ಕಿರಿದಾಗಿಸುವ ಸೌಲಭ್ಯವೂ ಇದೆ. ಇನ್ನೊಂದು ಅಪಾಯವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಚೇರಿಯ ಇಂಟರ್ನೆಟ್ ಎರಡು ದಿನ ಕೈಕೊಟ್ಟು, ಅಷ್ಟರಲ್ಲಿ ಕ್ಲೌಡ್‌ನಲ್ಲಿ ಹಳೆಯ ಲಾಗ್ ಅಳಿಸಿಹೋದರೆ, ಪೂರ್ಣ ಪ್ರತಿಯನ್ನು ಮತ್ತೆ ಮೊದಲಿನಿಂದ ತರಿಸಬೇಕು, ಅದಕ್ಕೂ ಹಣ ಕಟ್ಟಬೇಕು.

2024ರಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಸಂಸ್ಥೆಗಳು ತಮ್ಮ ಸೇವೆಯನ್ನು ಬಿಟ್ಟುಹೋಗುವ ಗ್ರಾಹಕರಿಗೆ ಈ ಶುಲ್ಕದಿಂದ ವಿನಾಯಿತಿ ಘೋಷಿಸಿದವು. ಗ್ರಾಹಕರಾಗಿಯೇ ಉಳಿದು ದಿನವೂ ಪ್ರತಿ ತರಿಸಿಕೊಳ್ಳುವವರಿಗೆ ಅದರಿಂದ ಪ್ರಯೋಜನವಿಲ್ಲ. ಆದ್ದರಿಂದ ಇಂಥ ಕೆಲಸಕ್ಕೆ ಟೆಂಡರ್ ಕರೆಯುವ ಸಂಘ-ಸಂಸ್ಥೆಗಳು ತಿಂಗಳ ಕೊನೆಯ ದಿನಗಳೂ ಸೇರುವಂತೆ ಕನಿಷ್ಠ ಒಂದು ವಾರ ಬಿನ್‌ಲಾಗ್ ಅಳೆದು, ಆ ಅಂಕಿಯನ್ನು ಟೆಂಡರ್ ದಾಖಲೆಯಲ್ಲಿಯೇ ನಮೂದಿಸಬೇಕು, ಗುತ್ತಿಗೆದಾರರಿಂದ ಅದರ ಮೇಲೆಯೇ ದರ ಪಡೆಯಬೇಕು ಎಂದು ಕೋರುತ್ತೇನೆ.

– ಡೇಟಾಬೇಸ್ ನಿರ್ವಾಹಕ, ಹುಬ್ಬಳ್ಳಿ