ಚಕ್ಕುಲಿಯ ಕಿವಿಗೆ ಎಣ್ಣೆ ಬೇಡ

ವಿಟ್ಲ
ಆಟಿ ತಿಂಗಳು

ಚಿ. ಮೈತ್ರಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಮಳೆ ಎರಡು ದಿನ ಬಿಡುವು ಕೊಟ್ಟರೆ ಕೊಳೆರೋಗ ಬಾರದಂತೆ ಅಡಿಕೆಗೆ ಇನ್ನೊಂದು ಸಲ ಮೈಲುತುತ್ತು ಹೊಡೆಯಬೇಕು. ಕೊಡುತ್ತಿಲ್ಲ. ಹಾಗಾಗಿ ಜಗಲಿಯಲ್ಲಿ ಕುಳಿತು ನಿನಗೆ ಕಾಗದ ಬರೆಯುವಷ್ಟು ಪುರುಸೊತ್ತು ಸಿಕ್ಕಿದೆ.

ಮೊನ್ನೆ ವಿಡಿಯೊ ಕರೆಯಲ್ಲಿ ನಿನ್ನ ಲ್ಯಾಬ್ರಡಾರ್ ಮರಿಯನ್ನು ನೋಡಿದೆ. ಚಕ್ಕುಲಿ ಎಂಬ ಹೆಸರು ನಿನ್ನ ದೊಡ್ಡಮ್ಮನಿಗೆ ಬಹಳ ಹಿಡಿಸಿದೆ. ನೀನು ಮಾತನಾಡುತ್ತಿದ್ದಷ್ಟು ಹೊತ್ತೂ ಅದು ಹಿಂಗಾಲಿನಿಂದ ಎಡಗಿವಿಯನ್ನು ಕೆರೆದುಕೊಳ್ಳುತ್ತಲೇ ಇತ್ತು. ನಡುವೆ ಎರಡು ಸಲ ತಲೆ ಕೊಡವಿತು. ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಎರಡು ಹನಿ ಬಿಡಲೇ ಎಂದು ಕೇಳಿದೆ ನೀನು. ಬೇಡ ಎಂದೆ. ಯಾಕೆ ಎಂದು ಹೇಳುವಷ್ಟರಲ್ಲಿ ನಿನ್ನ ಕಚೇರಿಯ ಮೀಟಿಂಗ್ ಶುರುವಾಯಿತು.

ನೀನು ಚಿಕ್ಕವಳಿದ್ದಾಗ ಇಲ್ಲಿದ್ದ ನಮ್ಮ ನಾಯಿ ಕರಿಯನ ನೆನಪಿದೆಯೇ? ಅವನ ಬಲಗಿವಿ ಬಾಡಿದ ವೀಳ್ಯದೆಲೆಯ ಹಾಗೆ ಮುದುಡಿಕೊಂಡಿತ್ತು. ಹುಟ್ಟಿನಿಂದಲೇ ಹಾಗೆ ಎಂದು ನಿಮಗೆಲ್ಲ ಹೇಳಿದ್ದೆ. ಅದು ಸುಳ್ಳು, ಮಾಡಿದವನು ನಾನೇ. ನಾಲ್ಕು ತಿಂಗಳ ಮರಿಯಾಗಿದ್ದಾಗ ಅವನೂ ಹೀಗೆಯೇ ಕೆರೆದುಕೊಳ್ಳತೊಡಗಿದ. ಅಮ್ಮ ನಮಗೆ ಮಾಡುತ್ತಿದ್ದಂತೆ ನಾನೂ ಬೆಳ್ಳುಳ್ಳಿ ಜಜ್ಜಿ, ಎಣ್ಣೆಯಲ್ಲಿ ಕಾಯಿಸಿ, ಉಗುರುಬೆಚ್ಚಗಿರುವಾಗ ಬಿಟ್ಟೆ. ಬೆಳ್ಳುಳ್ಳಿ ನಾಯಿಗೆ ಆಗದ ವಸ್ತು ಎಂಬುದೂ ಆಗ ತಿಳಿದಿರಲಿಲ್ಲ. ಒಂದು ವಾರ ಎಣ್ಣೆ ಬಿಟ್ಟದ್ದಾಯಿತು. ಎಣ್ಣೆ ಒಳಗಿನ ಕೊಳೆಯ ಜೊತೆ ಸೇರಿ ಅಂಟಾಯಿತೇ ಹೊರತು ಕೆರೆತ ನಿಲ್ಲಲಿಲ್ಲ. ರಾತ್ರಿಯೆಲ್ಲ ಅಂಗಳದಿಂದ ಪಟಪಟ ಎಂದು ಕಿವಿ ಬಡಿಯುವ ಶಬ್ದ. ಒಂದು ಬೆಳಗ್ಗೆ ನೋಡಿದರೆ ಕಿವಿ ಇಡ್ಲಿಯ ಹಾಗೆ ಊದಿದೆ! ಕೊಡವಿ ಕೊಡವಿ ಕಿವಿಯೊಳಗಿನ ರಕ್ತನಾಳ ಒಡೆದು, ಚರ್ಮದ ಅಡಿಯಲ್ಲಿ ರಕ್ತ ತುಂಬಿಕೊಂಡಿತ್ತು. ಪಶುವೈದ್ಯರು ಕೊಯ್ದು, ರಕ್ತ ತೆಗೆದು, ಹೊಲಿಗೆ ಹಾಕಿದರು. ಗಾಯ ಮಾಗಿತು, ಕಿವಿ ಮಾತ್ರ ಮುದುಡಿಯೇ ಉಳಿಯಿತು. ಇಷ್ಟಕ್ಕೆಲ್ಲ ಮೂಲ ಕಿವಿಯ ನುಸಿ, ಕಿವಿಯೊಳಗೆ ಬದುಕುವ ಒಂದು ಪುಟ್ಟ ಪರೋಪಜೀವಿ. ಮೊದಲ ದಿನವೇ ತೋರಿಸಿದ್ದರೆ ಔಷಧಿಯಲ್ಲೇ ಮುಗಿಯುತ್ತಿದ್ದ ಕೆಲಸ.

ಆ ದಿನ ವೈದ್ಯರು ಹಾಳೆಯ ಮೇಲೆ ಒಂದು ಚಿತ್ರ ಬರೆದು ತೋರಿಸಿದರು. ನನಗೆ ಕೂಡಲೇ ನಮ್ಮ ಮೇಲಿನ ತೋಟದ ಬಾವಿ ನೆನಪಾಯಿತು. ಅದನ್ನು ಮೇಲಿನಿಂದ ಇಣುಕಿದರೆ ನೇರ ಆಳವಷ್ಟೇ ಕಾಣುತ್ತದೆ. ನೀರು ಬರುವುದು ತಳದಲ್ಲಿ ಅಡ್ಡಕ್ಕೆ ಕೊರೆದ ಸುರಂಗದಿಂದ, ಅದು ಕಟ್ಟೆಯ ಮೇಲೆ ನಿಂತವರ ಕಣ್ಣಿಗೆ ಬೀಳುವುದೇ ಇಲ್ಲ. ನಾಯಿಯ ಕಿವಿಯೂ ಹಾಗೆಯೇ. ನಾಳ ಮೊದಲು ಕೆಳಕ್ಕೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತದೆ. ಕಿವಿಯ ತಮಟೆ ಇರುವುದು ಆ ಅಡ್ಡ ಸುರಂಗದ ಕೊನೆಯಲ್ಲಿ. ಒಳಗೆ ಹೋದ ನೀರು, ಎಣ್ಣೆ, ಗುಗ್ಗೆ ಸುಲಭವಾಗಿ ಮೇಲಕ್ಕೆ ಬರುವುದಿಲ್ಲ. ಚಕ್ಕುಲಿಯಂತಹ ಜೋಲುಗಿವಿಯ ಮರಿಗಾದರೆ ಬಾವಿಗೆ ಮುಚ್ಚಳ ಬೇರೆ. ಗಾಳಿಯಾಡದೆ ಒಳಗೆ ಶಾಖ, ತೇವ. ಆಟಿಯ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ಹೇಗೆ ಬರುತ್ತದೆ ಎಂದು ಈ ಮನೆಯ ಹುಡುಗಿಗೆ ನಾನು ಹೇಳಬೇಕಾಗಿಲ್ಲ.

ಹಾಗೆಂದು ಕೊಳೆ ಬರುವ ಮೊದಲೇ ಮದ್ದು ಹೊಡೆಯುವ ನಮ್ಮ ಕ್ರಮವನ್ನು ಕಿವಿಗೆ ತರಬೇಡ. ಒಳಗೆ ತಿಳಿಗುಲಾಬಿ ಬಣ್ಣವಿದ್ದು, ವಾಸನೆಯಿಲ್ಲದೆ, ಅಲ್ಲಲ್ಲಿ ಸ್ವಲ್ಪ ಗುಗ್ಗೆ ಇದ್ದರೆ ಆ ಕಿವಿ ಆರೋಗ್ಯವಾಗಿದೆ. ಅದನ್ನು ದಿನವೂ ತಿಕ್ಕಿ ತೊಳೆದರೆ ಚರ್ಮ ಕೆರಳಿ, ಇಲ್ಲದ ರೋಗವನ್ನು ನಾವೇ ಕರೆದ ಹಾಗೆ. ನೀನು ಮಾಡಬೇಕಾದದ್ದು ವಾರಕ್ಕೊಮ್ಮೆ ಕಿವಿಯನ್ನು ಮಗುಚಿ, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಮೂಗು ಹತ್ತಿರ ತಂದು ಮೂಸುವುದು. ಮುಖ ಸಿಂಡರಿಸಬೇಡ, ಕಣ್ಣಿಗಿಂತ ಮೂಗಿಗೆ ಮೊದಲು ತಿಳಿಯುತ್ತದೆ. ಹೆಚ್ಚು ಹೊತ್ತು ಇಟ್ಟು ಹುಳಿ ಬಂದ ದೋಸೆ ಹಿಟ್ಟಿನಂತಹ ವಾಸನೆ, ಜೊತೆಗೆ ಕಂದು ಜಿಡ್ಡು ಇದ್ದರೆ ಹೆಚ್ಚಾಗಿ ಯೀಸ್ಟ್ ಬೆಳೆದಿರುತ್ತದೆ. ಹಳದಿ ಕೀವು ಮತ್ತು ದುರ್ನಾತವಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಫಿಲ್ಟರಿನ ತಳದಲ್ಲಿ ಉಳಿದ ಕಾಫಿ ಚರಟದಂತೆ ಕಪ್ಪು ಹುಡಿಯಿದ್ದರೆ ನುಸಿಯ ಅನುಮಾನ ಪಡಬೇಕು. ಮರಿಗಳಿಗೆ ಅದು ತಾಯಿಯಿಂದಲೇ ಬರುವುದುಂಟು. ಆದರೆ ನೀನಾಗಲಿ ನಾನಾಗಲಿ ಹೀಗೆ ನೋಡಿ ತೀರ್ಮಾನಿಸುವಂತಿಲ್ಲ. ವೈದ್ಯರು ದೀಪದ ಕೊಳವೆಯಿಂದ ಆ ಸುರಂಗದವರೆಗೂ ನೋಡಿ, ಕೊಳೆಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಹೇಳುತ್ತಾರೆ.

ನುಸಿ ಎಂದಾದರೆ ನಿನ್ನ ಜೊತೆಗಿರುವ ಹುಡುಗಿಯ ಬೆಕ್ಕಿಗೂ ಚಿಕಿತ್ಸೆ ಆಗಬೇಕು. ಆ ನುಸಿ ನಾಯಿಯಿಂದ ಬೆಕ್ಕಿಗೆ, ಬೆಕ್ಕಿನಿಂದ ನಾಯಿಗೆ ಆರಾಮವಾಗಿ ದಾಟುತ್ತದೆ. ಮೊಟ್ಟೆಯೊಡೆದು ಬೆಳೆದ ನುಸಿಯಾಗಲು ಸುಮಾರು 3 ವಾರ ಬೇಕು. ನಾಲ್ಕು ದಿನಕ್ಕೆ ಕೆರೆತ ಕಡಿಮೆಯಾಯಿತೆಂದು ಔಷಧಿ ನಿಲ್ಲಿಸಿದರೆ ಮೊಟ್ಟೆಗಳು ನಗುತ್ತವೆ. ಒಂದು ಮಾತು, ನಾಯಿಗೆ ಕೊಟ್ಟ ಔಷಧಿಯನ್ನು ನೀವಾಗಿಯೇ ಬೆಕ್ಕಿಗೆ ಹಾಕಬೇಡಿ. ನಾಯಿಗೆ ಒಗ್ಗುವ ಕೆಲವು ಕೀಟನಾಶಕಗಳು ಬೆಕ್ಕಿಗೆ ವಿಷ. ಅದಕ್ಕೆ ಬೇರೆಯೇ ಬರೆಸಿಕೊಳ್ಳಿ.

ಮನೆಯಲ್ಲಿ ಉಳಿದಿರುವ ಮನುಷ್ಯರ ಕಿವಿ ಹನಿ, ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್, ವಿನೆಗರ್, ಯಾವುದೂ ಬೇಡ. ಒಳಗೆ ತಮಟೆ ಹರಿದಿದ್ದರೆ ಹೊರಗೆ ನಿಂತ ನಮಗೆ ತಿಳಿಯುವುದಿಲ್ಲ. ಹರಿದ ತಮಟೆ ದಾಟಿ ಹೋದ ಕೆಲವು ಔಷಧಿಗಳು ಕೇಳುವ ಶಕ್ತಿಯನ್ನೇ ಕಳೆಯುತ್ತವೆ. ಹತ್ತಿ ಸುತ್ತಿದ ಕಡ್ಡಿಯನ್ನಂತೂ ಚಕ್ಕುಲಿಯ ಹತ್ತಿರವೇ ತರಬೇಡ. ಅದು ಕೊಳೆಯನ್ನು ತೆಗೆಯುವುದಿಲ್ಲ, ತಿರುವಿನಾಚೆ ತಳ್ಳುತ್ತದೆ.

ವೈದ್ಯರು ತೊಳೆಯಲು ಹೇಳಿ ದ್ರಾವಣ ಕೊಟ್ಟರೆ ಹೀಗೆ ಮಾಡು. ಬಚ್ಚಲಿನಲ್ಲೋ ಬಾಲ್ಕನಿಯಲ್ಲೋ ಮರಿಯನ್ನು ಎರಡು ಮೊಣಕಾಲುಗಳ ನಡುವೆ, ಬೆನ್ನು ನಿನ್ನ ಕಡೆ ಬರುವಂತೆ ಕೂರಿಸಿಕೋ. ಬಾಟಲಿಯನ್ನು ಮೊದಲು ಅಂಗೈಯಲ್ಲಿ ಹಿಡಿದು ತಣ್ಣಗಿರುವುದನ್ನು ಬಿಡಿಸು. ತಣ್ಣನೆಯದು ಒಮ್ಮೆ ಬಿದ್ದರೆ ಮುಂದಿನ ಸಲ ಬಾಟಲಿ ಕಂಡೊಡನೆ ಅದು ಮಂಚದ ಕೆಳಗಿರುತ್ತದೆ. ಕಿವಿಯನ್ನು ಮೇಲಕ್ಕೆತ್ತಿ, ನಾಳ ತುಂಬುವಷ್ಟು ದ್ರಾವಣ ಬಿಡು. ಬಾಟಲಿಯ ಮೂತಿ ಕಿವಿಗೆ ತಾಗದಿರಲಿ. ಆಮೇಲೆ ಕಿವಿಯ ಬುಡವನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅರ್ಧ ನಿಮಿಷ ಮೆಲ್ಲನೆ ಹಿಸುಕು. ಪಚಪಚ ಎಂಬ ಶಬ್ದ ಕೇಳಿಸಿದರೆ ದ್ರಾವಣ ಸುರಂಗ ಸೇರಿತು ಎಂದು ಲೆಕ್ಕ. ಈಗ ಕೈ ಬಿಟ್ಟು ಹಿಂದೆ ಸರಿ. ಅದು ತಲೆ ಕೊಡವುತ್ತದೆ, ನಿನ್ನ ಬಟ್ಟೆಯೂ ಗೋಡೆಯೂ ಹಾಳಾಗುತ್ತವೆ, ಆದರೆ ಕೊಳೆ ಮೇಲಕ್ಕೆ ಬರುವ ದಾರಿ ಅದೊಂದೇ. ಮೇಲೆ ಬಂದಷ್ಟನ್ನು ಬೆರಳಿಗೆ ಸುತ್ತಿದ ಹತ್ತಿಯಿಂದ ಒರೆಸಿದರೆ ಮುಗಿಯಿತು. ಬೆರಳು ಹೋಗದ ಜಾಗಕ್ಕೆ ಹತ್ತಿಯೂ ಹೋಗಬಾರದು.

ಇದಕ್ಕೆ ಮರಿಯನ್ನು ಈಗಲೇ ಒಗ್ಗಿಸು. ಔಷಧಿಯ ಕೆಲಸವಿಲ್ಲದ ದಿನವೂ, ಅದು ತೂಕಡಿಸುತ್ತಿರುವಾಗ, ಕಿವಿ ಹಿಡಿ, ಮಗುಚು, ಬಿಡು, ಬೇಯಿಸಿದ ಕ್ಯಾರೆಟ್ಟಿನ ತುಂಡು ಕೊಡು. ಕರಿಯನಿಗೆ ನಾನು ಕಲಿಸಿರಲಿಲ್ಲ. ಹೊಲಿಗೆ ಬಿಚ್ಚುವ ದಿನ ಅವನನ್ನು ಹಿಡಿಯಲು ಮೂವರು ಬೇಕಾದರು.

ನೀನು ಪ್ರತಿ ಭಾನುವಾರ ಶಾಂಪೂ ಸ್ನಾನ ಮಾಡಿಸುತ್ತೀಯಂತೆ. ಅಷ್ಟು ಬೇಡ, ತಿಂಗಳಿಗೊಮ್ಮೆ ಸಾಕು. ನೀರನ್ನು ಕುತ್ತಿಗೆಯಿಂದ ಹಿಂದಕ್ಕೆ ಸುರಿ, ಮುಖವನ್ನು ಒದ್ದೆ ಬಟ್ಟೆಯಿಂದ ಒರೆಸು, ಕೊನೆಗೆ ಒಣಬಟ್ಟೆಯಿಂದ ಕಿವಿಯ ಒಳಮೈ ಒರೆಸು. ಎರಡೂ ಕಿವಿ ಮತ್ತೆ ಮತ್ತೆ ಕೆರಳಿ, ಜೊತೆಗೆ ಪಾದಗಳನ್ನೂ ನೆಕ್ಕತೊಡಗಿದರೆ ಅಲರ್ಜಿ ಇರಬಹುದೇ ಎಂದು ಕೇಳು. ಲ್ಯಾಬ್ರಡಾರ್‌ಗಳಿಗೆ ಅದು ಜಾಸ್ತಿ. ತಲೆಯನ್ನು ಒಂದೇ ಕಡೆಗೆ ವಾಲಿಸುವುದು, ತೂರಾಡುವುದು, ಮುಟ್ಟಿದರೆ ಕಿರುಚುವುದು ಕಂಡರೆ ಶನಿವಾರದವರೆಗೆ ಕಾಯಬೇಡ, ಆ ದಿನವೇ ರಜೆ ಹಾಕು. ಈಗಿನ ಕೆರೆತಕ್ಕಂತೂ ಈ ಕಾಗದ ತಲುಪುವ ಮೊದಲೇ ನೀನು ತೋರಿಸಿಕೊಂಡು ಬಂದಿದ್ದರೆ ನನಗೆ ಸಂತೋಷ.

ದೀಪಾವಳಿಗೆ ಚಕ್ಕುಲಿಯನ್ನೂ ಕರೆದುಕೊಂಡು ಬಾ. ಹೊರಡುವ ಮೊದಲು ಉಣುಗಿಗೆ ಔಷಧಿ ಕೇಳಿ ಹಾಕಿಸು. ನಮ್ಮ ತೋಟದ ಉಣುಗುಗಳಿಗೆ ಕಿವಿಯ ಮಡಿಕೆಯೆಂದರೆ ಪಂಚಪ್ರಾಣ. ಕಂಡರೆ ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರಕ್ಕೆ ಎಳೆದರಾಯಿತು. ಉಗುರಿನಿಂದ ಒತ್ತಿ ಒಡೆಯುವ ನಿನ್ನಪ್ಪನ ಅಭ್ಯಾಸ ನಿನಗೆ ಬೇಡ.

ನಿನ್ನ ದೊಡ್ಡಮ್ಮ ಹಲಸಿನ ಹಪ್ಪಳ ಕಟ್ಟಿ ಇಟ್ಟಿದ್ದಾಳೆ, ನಾಳೆ ಪಾರ್ಸೆಲ್ ಮಾಡುತ್ತೇನೆ. ಉಪ್ಪು ಖಾರ ಎರಡೂ ಇದೆ, ಮರಿಗೆ ಕೊಡಬೇಡ.

ಇತಿ,
ನಿನ್ನ ದೊಡ್ಡಪ್ಪ